ಐವತ್ತೆರಡನೆಯ ಗಂಡಸು

ಸಹಿ ಹಾಕುವುದಿಲ್ಲ ಎಂದು ಮೂರು ಸಲ ಹೇಳಿದೆ. ಮೊದಲ ಸಲ ಫೋನಿನಲ್ಲಿ, ಎರಡನೆಯ ಸಲ ನಿದಾಲನ ಕಚೇರಿಯಲ್ಲಿ, ಮೂರನೆಯ ಸಲ ದೊಡ್ಡಪ್ಪನ ಎದುರಿಗೆ. ಮೂರು ಸಲವೂ ನನ್ನ ದನಿ ಏರಿತು. ನನ್ನ ದನಿಯೇ ಅಂಥದ್ದು. ನಾನು ಬೆಟ್ಟದ ಊರಿನವಳು. ಇಲ್ಲಿಂದ ಕರೆದರೆ ಕಣಿವೆಯಾಚೆಯ ಆಡು ತಲೆ ಎತ್ತಿ ನೋಡಬೇಕು. ಅದಕ್ಕಾಗಿ ಯಾರ ಹತ್ತಿರವೂ ತಪ್ಪಾಯಿತು ಎಂದು ಹೇಳುವವಳಲ್ಲ ನಾನು.

ಸಂಗತಿ ಇಷ್ಟೇ. ಅಜ್ಲೂನ್ ಬೆಟ್ಟಗಳ ನಮ್ಮ ಊರಿನಲ್ಲಿ ನಮ್ಮ ಮನೆತನದವರು ನಾಲ್ಕು ವರ್ಷ ಹೆಣಗಾಡಿ ಹೊಸ ದಿವಾನ್ ಕಟ್ಟಿಸಿದ್ದರು. ಮನೆತನದ ಗಂಡಸರೆಲ್ಲ ಸೇರುವ ದೊಡ್ಡ ಹಜಾರ ಅದು; ಮದುವೆಯ ಮಾತು, ಸಾವಿನ ಸಂತಾಪ, ಜಗಳದ ರಾಜಿ ಎಲ್ಲವೂ ಅಲ್ಲಿಯೇ. ಹೊಸ ದಿವಾನ್ ಇಳಿಜಾರಿನಲ್ಲಿ ನಿಂತಿದೆ. ಬಾಗಿಲು ರಸ್ತೆಯ ಕಡೆಗೆ. ಅದರ ಎದುರು ಬದಿ ಕಂಬಗಳ ಸಾಲನ್ನು ದಾಟಿ, ಸುಮಾರು ಮೂರು ಮೀಟರಿನಷ್ಟು, ಕಣಿವೆಯ ಮೇಲೆ ಚಾಚಿಕೊಂಡಿದೆ. ಅದರ ಕೆಳಗೆ ಯಾವ ಕಂಬವೂ ಇಲ್ಲ, ಒಳ್ಳೆಯ ನೆರಳಿದೆ. ದೊಡ್ಡ ಊಟಗಳಿಗೆ ಹೆಂಗಸರು ಕೊಪ್ಪರಿಗೆ ಇಟ್ಟು ಮನ್ಸಫ್, ಅಂದರೆ ಮೊಸರಿನಲ್ಲಿ ಬೆಂದ ಮಾಂಸದೂಟ, ಬೇಯಿಸುವ ಜಾಗ ಅದೇ ಎಂದು ಕಟ್ಟಡ ಮುಗಿಯುವ ಮೊದಲೇ ತೀರ್ಮಾನವಾಗಿ, ಆರು ಒಲೆಗಳೂ ಒಂದು ನಲ್ಲಿಯೂ ಅಲ್ಲಿಗೆ ಬಂದಿದ್ದವು.

ಮೊದಲ ಸಮಾರಂಭ ನನ್ನ ಅಣ್ಣನ ಮಗಳು ಲುಜೈನಳದು. ಶುಕ್ರವಾರ ಕರಕ್‌ನಿಂದ ಗಂಡಿನ ಕಡೆಯವರ ಜಾಹ ಬರುವುದಿತ್ತು. ಹೆಣ್ಣು ಕೇಳಲು ಹಿರಿಯರು ದಂಡು ಕಟ್ಟಿಕೊಂಡು ಬರುವುದಕ್ಕೆ ನಾವು ಜಾಹ ಎನ್ನುತ್ತೇವೆ. ಇನ್ನೂರು ಗಂಡಸರು ಬರುತ್ತಾರೆಂದು ಅಂದಾಜು. ಆದರೆ ನಡುವೆ ನಕ್ಷೆ ಬದಲಾಗಿದ್ದರಿಂದ, ಹೊರಗಿನ ಒಬ್ಬ ಇಂಜಿನಿಯರ್ ಲೆಕ್ಕ ನೋಡಿ ಸಹಿ ಹಾಕದ ಹೊರತು ಬಾಗಿಲು ತೆರೆಯುವಂತಿಲ್ಲ ಎಂದು ಪುರಸಭೆಯವರು ಪಟ್ಟು ಹಿಡಿದು ಕೂತಿದ್ದರು. ನಾನು ಹತ್ತೊಂಬತ್ತು ವರ್ಷದಿಂದ ಅಮ್ಮಾನ್‌ನಲ್ಲಿ ಬೇರೆಯವರು ಮಾಡಿದ ಲೆಕ್ಕ ಪರೀಕ್ಷಿಸುವ ಕೆಲಸ ಮಾಡುತ್ತಿದ್ದೇನೆ. ದಿವಾನಿನ ಇಂಜಿನಿಯರ್ ನಿದಾಲ್ ನನ್ನ ಚಿಕ್ಕಪ್ಪನ ಮಗ. ಮನೆಯಲ್ಲೇ ಅಕ್ಕ ಇರುವಾಗ ಹೊರಗೇಕೆ ಹೋಗುವುದು ಎಂದು ಅವನು ಭಾನುವಾರ ಕಡತ ಕಳಿಸಿಕೊಟ್ಟ. ಕೊನೆಯ ಪುಟದಲ್ಲಿ ನನ್ನ ಹೆಸರು ಟೈಪಾಗಿತ್ತು, ಸಹಿಯ ಜಾಗಕ್ಕೆ ಪುಟ್ಟ ಬಾಣದ ಗುರುತು ಬೇರೆ.

ನಾನು ಬಾಣ ನೋಡಲಿಲ್ಲ, ಮಾಡೆಲ್ ತೆರೆದೆ. ಕಂಪ್ಯೂಟರಿನಲ್ಲಿ ಕಟ್ಟಡವನ್ನು ಸಾವಿರಾರು ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೂ ಭಾರ ಹೇರಿ, ಎಲ್ಲಿ ಎಷ್ಟು ಬಾಗುತ್ತದೆ ಎಂದು ನೋಡುವ ಕ್ರಮ ಅದು. ನಿದಾಲನ ಚಿತ್ರ ಬಹಳ ಚೆಂದವಿತ್ತು. ಇಡೀ ಹಜಾರ ಹಸಿರು, ಅಲ್ಲಲ್ಲಿ ತಿಳಿನೀಲಿ, ಕೆಂಪೆಂಬುದು ಹುಡುಕಿದರೂ ಇಲ್ಲ. ಅಷ್ಟು ಚೆಂದದ ಚಿತ್ರ ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಫೋನ್ ಮಾಡಿದೆ.

"ನಿದಾಲ್, ಗೋಡೆ ಎಲ್ಲೋ?"

"ಯಾವ ಗೋಡೆ ಅಕ್ಕ?"

"ಕಣಿವೆ ಕಡೆ ಕಲ್ಲಿನ ಗೋಡೆ. ವಂಶವೃಕ್ಷ ಕೆತ್ತಿಸಿದೀರಲ್ಲ, ಅದು."

"ಇದೆಯಲ್ಲ. ಗೋಡೆ, ಅದರ ಕೆಳಗಿನ ಕಲ್ಲಿನ ಜಗಲಿ, ಎರಡೂ ಸೇರಿ ಇಪ್ಪತ್ತನಾಲ್ಕು ಟನ್. ಒಂದು ಕೆಜಿ ಬಿಟ್ಟಿಲ್ಲ."

"ಎಲ್ಲಿ ಹಾಕಿದೀಯ?"

"ನೆಲದ ಮೇಲೆ."

"ಯಾವ ನೆಲದ ಮೇಲೆ?"

"ಇಡೀ ನೆಲದ ಮೇಲೆ. ಸಮವಾಗಿ ಹಂಚಿದೀನಿ. ಒಟ್ಟು ಸರಿ ಇದೆ, ಬೇಕಿದ್ರೆ ಕೂಡಿ ನೋಡು."

ನಾನು ಕೂಡಿ ನೋಡಿದೆ. ಒಟ್ಟು ಸರಿಯಾಗಿಯೇ ಇತ್ತು. ಅದೇ ಅನರ್ಥ. ಮೊದಲ ನಕ್ಷೆಯಲ್ಲಿ ಆ ಬದಿಗೆ ಹಗುರವಾದ ಗಾಜಿನ ಕಿಟಕಿಗಳಿದ್ದವು. ಆಮೇಲೆ ಯಾರಿಗೋ ಮನೆತನದ ವಂಶವೃಕ್ಷವನ್ನು ಕಲ್ಲಿನಲ್ಲಿ ಕೆತ್ತಿಸುವ ಹಂಬಲ ಬಂತು. ನಮ್ಮಲ್ಲಿ ಒಂಬತ್ತು ಕವಲುಗಳು. ಮೂರನೆಯ ಕವಲಿನವರು ತಮ್ಮ ಮುತ್ತಜ್ಜನ ಕಲ್ಲು ಅಂಗೈ ಅಗಲ ದಪ್ಪ ಇರಲಿ ಎಂದರೆ ಐದನೆಯವರಿಗೆ ಅದಕ್ಕಿಂತ ದಪ್ಪದ್ದು ಬೇಕಾಯಿತು. ಹಾಗೆ ದಪ್ಪವಾಗುತ್ತ ಆಗುತ್ತ ಗೋಡೆ ಎದ್ದಿತು, ಅದೂ ಚಾಚಿನ ತುತ್ತ ತುದಿಯಲ್ಲಿ. ನಿದಾಲ್ ಆ ಭಾರವನ್ನೆಲ್ಲ ಎತ್ತಿ ಹಜಾರದ ತುಂಬ ರೊಟ್ಟಿಯ ಮೇಲೆ ಝಾತರ್ ಪುಡಿ ಉದುರಿಸಿದ ಹಾಗೆ ಉದುರಿಸಿದ್ದ. ಚಾಚಿನ ಪಾಲಿಗೆ ಬಂದದ್ದು ಐದು ಟನ್ನಿಗೂ ಕಡಿಮೆ. ಉಳಿದದ್ದು ಲೆಕ್ಕದಲ್ಲಿ ಮಾತ್ರ ಗಟ್ಟಿ ಕಂಬಗಳ ಮೇಲೆ ಕೂತಿತ್ತು. ನಿಜದಲ್ಲಿ ಅಷ್ಟೂ ಗಾಳಿಯಲ್ಲಿ ನಿಂತಿತ್ತು.

ಇನ್ನೊಂದು ತಪ್ಪು ಅದಕ್ಕಿಂತ ತಮಾಷೆಯದು. ನಿದಾಲನ ಮಾಡೆಲಿನ ಗಂಡಸರು ಬಹಳ ಸಭ್ಯರು. ಹಜಾರದ ತುಂಬ, ಒಬ್ಬರಿಂದ ಒಬ್ಬರು ಸಮ ದೂರದಲ್ಲಿ, ತಮ್ಮ ತಮ್ಮ ಚೌಕದೊಳಗೆ ನಿಂತಿರುತ್ತಾರೆ. ನಮ್ಮ ಗಂಡಸರು ಹಾಗೆ ಕೂರುವ ಜಾತಿಯೇ? ಬಾಗಿಲಿಗೆ ಎದುರಿನ ಗೋಡೆ ಗೌರವದ ಸಾಲು. ಜಾಹದ ದಿನ ತೂಕದ ಮನುಷ್ಯರೆಲ್ಲ ಅಲ್ಲೇ ಬೇಕು. ಸಾಲು ತುಂಬಿದರೆ ಅದರ ಮುಂದೆಯೇ ಕುರ್ಚಿ ಎಳೆದುಕೊಂಡು ಎರಡನೆಯ ಸಾಲು ಮಾಡುತ್ತಾರೆಯೇ ಹೊರತು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಯಾರೂ ಕೂರುವುದಿಲ್ಲ. ನಡುವಿನ ಜಾಗ ಕಾಫಿ ಸುರಿಯುವವನಿಗೆಂದು ಖಾಲಿ. ಅಂದರೆ ತುದಿಯಲ್ಲಿ ಕಲ್ಲು, ಕಲ್ಲಿನ ಮುಂದೆ ಅರವತ್ತು ಗಂಡಸರು, ಅದನ್ನು ಸರಿದೂಗಿಸಲು ಹಿಂದೆ ಏನೂ ಇಲ್ಲ. ನಾನು ಕಲ್ಲನ್ನು ಕಲ್ಲಿನ ಜಾಗದಲ್ಲಿಟ್ಟು, ಗಂಡಸರನ್ನು ಅವರು ನಿಜವಾಗಿ ಕೂರುವಲ್ಲಿ ಕೂರಿಸಿ, ಲೆಕ್ಕ ಮತ್ತೆ ಓಡಿಸಿದೆ. ಕಂಬದ ಸಾಲಿನುದ್ದಕ್ಕೂ ಈ ತುದಿಯಿಂದ ಆ ತುದಿಗೆ ಕೆಂಪು ಪಟ್ಟಿ ಎದ್ದಿತು. ಗೋಡೆ ಈಗಾಗಲೇ ನೆಲದ ಕಾಂಕ್ರೀಟ್ ಚಪ್ಪಡಿಯ ಬಲವನ್ನು ಹೆಚ್ಚುಕಡಿಮೆ ತಿಂದು ಮುಗಿಸಿತ್ತು, ಗಂಡಸರು ಬಂದು ಕೂರುವುದಷ್ಟೇ ಬಾಕಿ. ಮತ್ತೆ ಫೋನ್ ಮಾಡಿ ಸಹಿ ಹಾಕುವುದಿಲ್ಲ ಎಂದೆ.

ಸೋಮವಾರ ಊರಿಗೆ ಹೋಗಿ ನೇರ ನಿದಾಲನ ಕಚೇರಿಗೆ ನುಗ್ಗಿದೆ. ಮೂಲೆಯಲ್ಲಿ ಯಾರೋ ಕೊಟ್ಟ ಆಲಿವ್ ಎಣ್ಣೆಯ ಡಬ್ಬ ಇತ್ತು, ಹದಿನಾರು ಕೆಜಿಯದು.

"ಎತ್ತು ಅದನ್ನ," ಎಂದೆ.

"ಏನಕ್ಕ ಇದು?"

"ಎತ್ತೋ. ಎದೆಗೆ ಅವಚಿಕೊ. ಭಾರ ಅನ್ನಿಸ್ತಾ?"

"ಇಲ್ಲ."

"ಈಗ ಕೈ ಚಾಚಿ ಹಿಡಿ."

ನಾಲ್ಕು ಎಣಿಸುವುದರೊಳಗೆ ಡಬ್ಬ ಮೇಜಿನ ಮೇಲೆ ಬಿತ್ತು.

"ಡಬ್ಬ ಅದೇ ಕಣೋ. ತೂಕನೂ ಅದೇ. ಕೂಡಿ ನೋಡು, ಒಟ್ಟು ಸರಿಯಾಗತ್ತೆ."

ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತ ನಕ್ಕ. "ನನ್ನ ಕೈ ಬೇರೆ, ಕಾಂಕ್ರೀಟ್ ಬೇರೆ ಅಕ್ಕ. ಗೋಡೆ ಎದ್ದು ಎಂಟು ತಿಂಗಳಾಯ್ತು, ಏನಾಗಿದೆ? ನೀನು ಅಮ್ಮಾನ್‌ನಲ್ಲಿ ಕೂತು ಎಲ್ಲರ ಕೆಲಸದಲ್ಲೂ ಕಲ್ಲು ಹುಡುಕ್ತೀಯ. ಅಭ್ಯಾಸ ಆಗಿಬಿಟ್ಟಿದೆ."

"ಇಲ್ಲಿ ಹುಡುಕೋದೇ ಬೇಡ, ಇಪ್ಪತ್ತನಾಲ್ಕು ಟನ್ ಕಣ್ಣೆದುರಿಗೇ ಇದೆ. ಸಹಿ ಹಾಕಲ್ಲ."

ಅವನು ದೊಡ್ಡಪ್ಪನ ಬಳಿ ಓಡಿದ. ದೊಡ್ಡಪ್ಪ ಎಂದರೆ ಅಬು ಶಾಹೆರ್, ನಮ್ಮ ಮನೆತನದ ಹಿರಿಯ. ಎಪ್ಪತ್ತಾರರ ವಯಸ್ಸು. ಮಾತು ಕಡಿಮೆ, ಆಡಿದ ಮಾತನ್ನು ಹಿಂತೆಗೆದುಕೊಂಡದ್ದು ಯಾರಿಗೂ ನೆನಪಿಲ್ಲ. ನನ್ನನ್ನು ಕರೆಸಿದರು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು.

"ನೀನು ದಿವಾನಿನಲ್ಲಿ ಒಂದು ದಿನವಾದ್ರೂ ಕೂತಿದೀಯೇನಮ್ಮ?" ಎಂದು ಕೇಳಿದರು.

"ಇಲ್ಲ ದೊಡ್ಡಪ್ಪ."

"ಮತ್ತೆ ಗಂಡಸರು ಹೇಗೆ ಕೂರ್ತಾರೆ ಅಂತ ನಿನಗೆ ಹೇಗೆ ಗೊತ್ತು?"

"ಕೂತೋರಿಗೆ ಪಕ್ಕದವನ ಭುಜ ಮಾತ್ರ ಕಾಣತ್ತೆ. ನಾವು ಹುಟ್ಟಿದಾಗಿಂದ ಬಾಗಿಲ ಸಂದಿಯಿಂದ ನೋಡ್ತಿದೀವಿ, ನಮಗೆ ಇಡೀ ಸಾಲು ಕಾಣತ್ತೆ."

ಅವರ ಮೀಸೆ ಸ್ವಲ್ಪ ಅಲುಗಿತು. ಆದರೂ ತಲೆ ಅಡ್ಡ ಆಡಿಸಿದರು. "ಅತಿಥಿಗಳಿಗೆ ಹೇಳಿಯಾಗಿದೆ. ಆ ಗೋಡೆ ಮೇಲೆ ನಮ್ಮ ಏಳು ತಲೆಮಾರಿನ ಹೆಸರಿದೆ. ಅದು ಬೀಳತ್ತೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಸಹಿ ಹಾಕು ಮಗಳೇ."

"ಹಾಕಲ್ಲ."

"ಹಾಗಾದ್ರೆ ಬೇಡ ಬಿಡು."

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಿದಾಲ್ ಎಲ್ಲಿಂದಲೋ ಇನ್ನೊಬ್ಬ ಇಂಜಿನಿಯರನನ್ನು ಹಿಡಿದು ಸಹಿ ಹಾಕಿಸಿಕೊಂಡು ಬಂದ. ಆ ಪುಣ್ಯಾತ್ಮ ದಿವಾನನ್ನು ಕಣ್ಣಿಂದ ನೋಡಿಯೂ ಇರಲಿಲ್ಲ. ಕಾಗದದಲ್ಲಿ ನನ್ನ ಹೆಸರನ್ನು ಬಿಳಿ ಬಣ್ಣದಿಂದ ಅಳಿಸಿ ಅವನ ಹೆಸರು ಬರೆದಿದ್ದರು. ನನಗೆ ಅಳು ಬಂತು, ಸಿಟ್ಟಿನ ಅಳು. ಹತ್ತೊಂಬತ್ತು ವರ್ಷ, ಸಹಿ ಹಾಕುವುದಿಲ್ಲ ಎಂದರೆ ಕೆಲಸ ನಿಲ್ಲುತ್ತದೆ ಎಂದು ನಂಬಿ ಬದುಕಿದವಳು ನಾನು. ಇಲ್ಲಿ ಸಹಿಯೇ ಬೇಡವಾಯಿತು, ಗೋಡೆ ಮಾತ್ರ ಅಲ್ಲಿಯೇ ನಿಂತಿತ್ತು.

ದಿವಾನಿನ ಕೆಳಗೆ ಹೋದೆ. ಚಾಚಿನ ನೆರಳಿನಲ್ಲಿ ದೊಡ್ಡಮ್ಮ ಉಮ್ ಶಾಹೆರ್, ಅಂದರೆ ದೊಡ್ಡಪ್ಪನ ಹೆಂಡತಿ, ಏಳೆಂಟು ಹೆಂಗಸರ ಜೊತೆ ಕೊಪ್ಪರಿಗೆ ತಿಕ್ಕುತ್ತಿದ್ದಳು. ಒಣಗಿಸಿದ ಮೊಸರಿನ ಉಂಡೆಗಳನ್ನು ನೆನೆಹಾಕಿ ಆಗಿತ್ತು. ನಮ್ಮ ನೆರೆಮನೆಯ ಫಿದ್ದಾ ನನ್ನ ಮುಖ ನೋಡಿದವಳೇ, "ಯಾರು ಹೊಡೆದ್ರೇ ನಿನ್ನ?" ಎಂದಳು.

ಹೇಳಿದೆ. ಕೆಂಪು ಪಟ್ಟಿ, ಚೌಕ, ಮಾಡೆಲ್ ಯಾವುದನ್ನೂ ಹೇಳಲಿಲ್ಲ. ತಲೆ ಎತ್ತಿ ಮೇಲೆ ನೋಡಿ ಎಂದೆ. ಎಲ್ಲರೂ ನೋಡಿದರು. "ಇದರ ತುದಿ ಮೇಲೆ ಗೋಡೆ ಇದೆ. ಗೋಡೆ ಮುಂದೆ ನಿಮ್ಮ ಗಂಡಂದಿರು ಕೂರ್ತಾರೆ. ಕೆಳಗೆ ನೀವಿರ್ತೀರಿ. ತಡೆಯಲ್ಲ ಅಂತ ನಾನು ಹೇಳ್ತಿದೀನಿ. ತಡೆಯತ್ತೆ ಅಂತ ಗಂಡಸರು ಹೇಳ್ತಿದಾರೆ."

ಒಬ್ಬಳು ಮೆಲ್ಲಗೆ ತನ್ನ ಕೊಪ್ಪರಿಗೆಯನ್ನು ಬಿಸಿಲಿಗೆ ಎಳೆದುಕೊಂಡಳು. ಅವಳ ಹಿಂದೆ ಎಲ್ಲರೂ ಎಳೆದುಕೊಂಡರು.

"ಕೂರಿಸಿ ನೋಡಬಹುದಾ ಮೊದಲೇ?" ಎಂದು ದೊಡ್ಡಮ್ಮ ಕೇಳಿದಳು. "ಗಂಡಸರನ್ನಲ್ಲ. ಗಂಡಸರಷ್ಟು ಭಾರ ಇರೋದನ್ನ."

ನಾನು ಅವಳ ಮುಖವನ್ನೇ ನೋಡಿದೆ. ಭಾರ ಹೇರಿ ಪರೀಕ್ಷಿಸುವ ಪದ್ಧತಿ ನಮ್ಮ ಕಸುಬಿನಲ್ಲಿ ಇದ್ದದ್ದೇ. ಅಕ್ಷರ ಬಾರದ ಈ ಮುದುಕಿ ಒಲೆಯ ಪಕ್ಕ ಕೂತು ಅದನ್ನು ತಾನೇ ಕಂಡುಕೊಂಡಿದ್ದಳು. "ಆಗತ್ತೆ ದೊಡ್ಡಮ್ಮ. ಆದ್ರೆ ದೊಡ್ಡಪ್ಪ ಬೀಗದ ಕೈ ಕೊಡಲ್ಲ."

"ಕೇಳೋ ಹಾಗೆ ಕೇಳಿದ್ರೆ ಕೊಡ್ತಾರೆ," ಎಂದಳು ಅವಳು.

ಬುಧವಾರ ಇಳಿಹೊತ್ತಿನ ಅಸರ್ ನಮಾಜ್ ಮುಗಿಯುತ್ತಲೇ ನಾವು ಹದಿನೇಳು ಹೆಂಗಸರು ಸಾಲಾಗಿ ದೊಡ್ಡಪ್ಪನ ಮನೆಗೆ ಹೋದೆವು. ಹಿಂಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ. ಗಂಡಸರ ಪಡಸಾಲೆಗೆ ಹೋಗಿ ಗೋಡೆಗೊರಗಿ ಕೂತೆವು. ದೊಡ್ಡಮ್ಮ ತನ್ನ ಮನೆಯಲ್ಲೇ ಅತಿಥಿಯಾಗಿ, ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕೂತಳು. ದೊಡ್ಡಪ್ಪ ಒಳಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಹಿಂದೆ ನಿದಾಲ್, ಇನ್ನಿಬ್ಬರು ಹಿರಿಯರು. ಮನೆಗೆ ಬಂದವರಿಗೆ ಕಾಫಿ ಕೊಡದೆ ಇರುವಂತಿಲ್ಲ. ಕಾಯಿಸುವವಳು ಇಲ್ಲಿ ಬಂದು ಕೂತಿದ್ದರಿಂದ ಮಗ ಶಾಹೆರನೇ ಒಳಗೆ ಹೋಗಿ ಹೇಗೋ ಕಾಯಿಸಿ ತಂದ. ಮೊದಲ ಬಟ್ಟಲು ದೊಡ್ಡಮ್ಮನಿಗೆ ಬಂತು. ಅವಳು ಅದನ್ನು ತೆಗೆದುಕೊಂಡು, ತುಟಿಗೆ ತಾಗಿಸದೆ, ಮುಂದೆ ನೆಲದ ಮೇಲಿಟ್ಟಳು.

ಜಾಹದವರು ಮಾಡುವುದು ಅದನ್ನೇ. ಕೇಳಿದ್ದು ಸಿಗುವವರೆಗೆ ಬಟ್ಟಲು ಮುಟ್ಟುವುದಿಲ್ಲ. ಬಟ್ಟಲಿನ ಕಾಫಿ ಆರಿ ಹೋದರೆ ಮನೆಯವನ ಮರ್ಯಾದೆ ಹೋದಂತೆ.

"ಹೆಂಗಸರ ಜಾಹ ಅಂತ ಯಾರಾದ್ರೂ ಕೇಳಿದೀರಾ?" ಎಂದು ನಿದಾಲ್ ನಗೆಯಾಡಿದ.

"ಈಗ ಕೇಳಿದ್ಯಲ್ಲಪ್ಪ," ಎಂದಳು ಫಿದ್ದಾ. "ಕೂತ್ಕೋ, ಪೂರ್ತಿ ಕೇಳುವೆಯಂತೆ."

ದೊಡ್ಡಪ್ಪ ಹೆಂಡತಿಯ ಕಡೆ ನೋಡಿದರು. "ಕುಡಿ."

"ಕೇಳಿದ್ದು ಕೊಟ್ಟ ಮೇಲೆ," ಎಂದಳು ದೊಡ್ಡಮ್ಮ. ಐವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವರಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. "ಶುಕ್ರವಾರ ಅದರ ಕೆಳಗೆ ಇಪ್ಪತ್ತು ಜನ ಹೆಂಗಸರು ಬೆಂಕಿ ಮುಂದೆ ಇರ್ತೀವಿ. ನಿಮ್ಮ ಮಗಳಿರ್ತಾಳೆ, ಸೊಸೆಯಂದಿರಿರ್ತಾರೆ, ನಾನಿರ್ತೀನಿ. ಒಂದು ದಿನ ಕೊಡಿ. ನಾಳೆ. ಈ ಹುಡುಗಿ ಭಾರ ಹೇರಿ ನೋಡ್ಲಿ. ಇದಕ್ಕಿಂತ ದೊಡ್ಡದು ಏನನ್ನೂ ನಾನು ನಿಮ್ಮ ಹತ್ರ ಕೇಳಿಲ್ಲ."

"ಸುಳ್ಳಾದ್ರೆ?" ಎಂದು ನಿದಾಲ್ ನನ್ನತ್ತ ತಿರುಗಿದ.

"ಸುಳ್ಳಾದ್ರೆ ಎಲ್ಲರೆದುರು ಸಹಿ ಹಾಕ್ತೀನಿ. ಶುಕ್ರವಾರ ಆರೂ ಕೊಪ್ಪರಿಗೆನ ನಾನೊಬ್ಬಳೇ ತಿರುವುತೀನಿ. ನಿಜ ಆದ್ರೆ ನೀನೇನು ಮಾಡ್ತೀಯ?"

ಅವನು ದೊಡ್ಡಪ್ಪನ ಕಡೆ ತಿರುಗಿದ. ದೊಡ್ಡಪ್ಪ ಮುಟ್ಟದೆ ಇಟ್ಟ ಆ ಬಟ್ಟಲನ್ನು ನೋಡಿದರು. ಕೊನೆಗೆ ಜೇಬಿನಿಂದ ಬೀಗದ ಕೈ ತೆಗೆದು ಬಟ್ಟಲಿನ ಪಕ್ಕ ಇಟ್ಟರು.

"ನಾಳೆ ಅಸರ್ ತನಕ. ಒಬ್ಬ ಗಂಡಸೂ ಕೈ ಹಾಕಲ್ಲ. ನೀವೇ ಹೊರಬೇಕು, ನೀವೇ ಇಳಿಸಬೇಕು."

"ಯಾವತ್ತು ಅವರು ಹೊತ್ತಿದ್ರು ನಾವು ಇವತ್ತು ಕಾಯೋಕೆ," ಎಂದು ಫಿದ್ದಾ ಎಲ್ಲರಿಗೂ ಕೇಳುವಂತೆ ಗೊಣಗಿದಳು.

ಏನನ್ನು ಹೇರುವುದೆಂಬ ಪ್ರಶ್ನೆ ಬಂತು. ನೀರು ತುಂಬೋಣವೆಂದರೆ ನಮ್ಮ ಊರಿಗೆ ವಾರಕ್ಕೊಮ್ಮೆ ನೀರು, ಚೆಲ್ಲಿದರೆ ಹೆಂಗಸರೇ ನನ್ನನ್ನು ಕೊಲ್ಲುತ್ತಿದ್ದರು. ಆದರೆ ಆಲಿವ್ ಕೊಯ್ಲು ಆಗಷ್ಟೇ ಮುಗಿದಿತ್ತು. ಪ್ರತಿ ಮನೆಯಲ್ಲೂ ವರ್ಷದ ಎಣ್ಣೆ ಡಬ್ಬಗಳಲ್ಲಿ ತುಂಬಿ ಕೂತಿತ್ತು. ಡಬ್ಬಕ್ಕೆ ಹದಿನಾರು ಕೆಜಿ. ಐದು ಡಬ್ಬ ಸೇರಿದರೆ ಒಬ್ಬ ಗಂಡಸು. ಅರವತ್ತು ಗಂಡಸರಿಗೆ ಮುನ್ನೂರು ಡಬ್ಬ.

ಗುರುವಾರ ಬೆಳಿಗ್ಗೆ ಮೊದಲು ಚಾಚಿನ ಅಡಿಗೆ ನಲವತ್ತು ಕಬ್ಬಿಣದ ಊರೆಗಳನ್ನು, ಅಂದರೆ ತಾತ್ಕಾಲಿಕ ಆಸರೆ ಕಂಬಗಳನ್ನು, ನಿಲ್ಲಿಸಿದೆವು. ಅಮ್ಮಾನ್‌ನಿಂದ ನಾನೇ ಲಾರಿಯಲ್ಲಿ ತರಿಸಿದ್ದವು. ಊರೆಯ ತಲೆಗೂ ಚಪ್ಪಡಿಗೂ ನಡುವೆ ಎರಡು ಬೆರಳಷ್ಟು ಸಂದು ಬಿಟ್ಟೆ. ಚಪ್ಪಡಿ ತಾನೇ ತಡೆದರೆ ಊರೆಗಳನ್ನು ಮುಟ್ಟುವುದಿಲ್ಲ. ತಡೆಯದಿದ್ದರೆ ಅವುಗಳ ಮೇಲೆ ಬಂದು ಕೂರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಒಲೆಗಳನ್ನು ಸರಿಸಿ ಕೆಳಗೆ ಯಾರೂ ಕಾಲಿಡದಂತೆ ಹಗ್ಗ ಕಟ್ಟಿಸಿದೆ. ದೂರದ ಆಲಿವ್ ಮರದ ಕೆಳಗೆ ದುರ್ಬೀನು ಹೂಡಿ, ಚಪ್ಪಡಿಯ ಅಂಚಿಗೆ ಅಂಟಿಸಿದ ಅಳತೆಪಟ್ಟಿಯನ್ನು ಅದರಲ್ಲಿ ಓದುತ್ತ ಕೂತೆ. ಗಂಡಸರು ರಸ್ತೆಯಲ್ಲಿ ನಿಂತು ಸಿಗರೇಟು ಸೇದುತ್ತ ನೋಡುತ್ತಿದ್ದರು. ಹೆಂಗಸರು ತಲೆಯ ಮೇಲೆ, ಸೊಂಟದ ಮೇಲೆ, ಕೈಗಾಡಿಯಲ್ಲಿ ಡಬ್ಬ ತಂದರು.

ಅವರಲ್ಲಿ ಹೆಚ್ಚಿನವರು ಆ ಹಜಾರದೊಳಗೆ ಕಾಲಿಟ್ಟದ್ದು ಅದೇ ಮೊದಲು. ಆದರೆ ಯಾರು ಎಲ್ಲಿ ಕೂರುತ್ತಾರೆಂದು ಕೇಳುವ ಅಗತ್ಯ ಒಬ್ಬಳಿಗೂ ಬೀಳಲಿಲ್ಲ.

"ಇದು ಅಬು ಶಾಹೆರ್, ನಟ್ಟ ನಡುವೆ," ಎಂದು ದೊಡ್ಡಮ್ಮ ಐದು ಡಬ್ಬ ಜೋಡಿಸಿದಳು. "ಪಕ್ಕದಲ್ಲಿ ಗಂಡಿನ ಅಜ್ಜ."

"ನಮ್ಮನೆಯವರಿಗೆ ಐದು ಸಾಲದು," ಎಂದಳು ಫಿದ್ದಾ. "ಏಳು ಇಡಿ. ಊಟ ಆದ ಮೇಲೆ ಎಂಟು."

"ನನ್ನ ಗಂಡನ್ನ ಮೂರರಲ್ಲಿ ಮುಗಿಸಿ, ಬರೀ ಮೀಸೆ ಅದು."

"ಎಲ್ಲರಿಗೂ ಐದು," ಎಂದು ನಾನು ಕೆಳಗಿನಿಂದ ಕೂಗಿದೆ. ನನ್ನ ದನಿ ಆ ದಿನ ಉಪಯೋಗಕ್ಕೆ ಬಂತು.

ಮೂವತ್ತು ಗಂಡಸರು ಕೂತು ಮೊದಲ ಸಾಲು ತುಂಬಿದಾಗ ಅಂಚು ನಾಲ್ಕು ಮಿಲಿಮೀಟರು ಇಳಿದು ನಿಂತಿತು. ರಸ್ತೆಯಿಂದ ನಿದಾಲ್ ಚಪ್ಪಾಳೆ ತಟ್ಟಿದ. ಎರಡನೆಯ ಸಾಲಿಗೆ, ಜನ ಕುರ್ಚಿ ಎಳೆದುಕೊಂಡು ಕೂರುವ ಜಾಗದಲ್ಲಿ, ಡಬ್ಬಗಳು ಬರತೊಡಗಿದವು. ನಲವತ್ತು ಆಗುವಾಗ ಎಂಟು ಮಿಲಿಮೀಟರು. ನಲವತ್ತಾರನೆಯವನು ಕೂತ ಮೇಲೆ ನಾನು ಕೈ ಎತ್ತಿ ನಿಲ್ಲಿಸಿದೆ. ಯಾರೂ ಏನೂ ಇಡುತ್ತಿರಲಿಲ್ಲ, ಆದರೂ ದುರ್ಬೀನಿನಲ್ಲಿ ಅಂಕಿ ಸರಿಯುತ್ತಿತ್ತು. ಹತ್ತು. ಹತ್ತೂವರೆ. ಹನ್ನೊಂದು. ಲೆಕ್ಕದಲ್ಲಿ ಕೆಂಪು ಪಟ್ಟಿ ನೋಡುವುದೇ ಬೇರೆ, ಮನೆಯ ಹೆಂಗಸರು ಮೇಲೆ ನಿಂತಿರುವಾಗ ಅದು ಕಣ್ಣೆದುರು ಇಳಿಯುವುದನ್ನು ನೋಡುವುದೇ ಬೇರೆ.

"ಎಲ್ಲರೂ ಬಾಗಿಲ ಕಡೆ ಹೋಗಿ. ಇಬ್ಬರು ಸಾಕು, ಒಂದೊಂದೇ ಡಬ್ಬ," ಎಂದೆ.

ಐವತ್ತರ ಹೊತ್ತಿಗೆ ಊರಿನ ಗಂಡಸರೆಲ್ಲ ಕೂತು ಮುಗಿದಿದ್ದರು. ಇಡಲು ಹೆಸರುಗಳಿರಲಿಲ್ಲ. ಐವತ್ತೊಂದನೆಯವನು ಕರಕ್‌ನ ಯಾರೋ ಒಬ್ಬ. ಐವತ್ತೆರಡನೆಯವನೂ ಹಾಗೆಯೇ. ಅವನ ನಾಲ್ಕನೆಯ ಡಬ್ಬ ನೆಲಕ್ಕೆ ತಾಗಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ದೂರದ ಮನೆಯಲ್ಲಿ ಯಾರೋ ಭಾರದ ಬಾಗಿಲು ಹಾಕಿಕೊಂಡಂತೆ ಒಂದು ದಡ್ ಎಂಬ ಶಬ್ದ ಬಂತು, ಅಷ್ಟೇ. ದುರ್ಬೀನಿನಲ್ಲಿ ಅಂಕಿ ಒಮ್ಮೆಲೇ ಹಾರಿತು. ನಲವತ್ತು ಊರೆಗಳ ತಲೆಯ ಮೇಲೂ ಚಪ್ಪಡಿ ಕೂತಿತ್ತು. ಮೇಲೆ ಹೊಳೆಯುವ ಅಮೃತಶಿಲೆಯ ನೆಲ ಕಂಬದ ಸಾಲಿನುದ್ದಕ್ಕೂ ಬಿರಿದು, ಬಿರುಕಿನಲ್ಲಿ ಕಿರುಬೆರಳು ಹೋಗುವಷ್ಟು ಸಂದಾಗಿತ್ತು.

ಗೆದ್ದೆ ಎಂಬ ಖುಷಿ ನನಗೆ ಬರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದ ಮೇಲೆ, ಎಲ್ಲರ ತಲೆ ಎಣಿಸಿ ಆದ ಮೇಲೆ, ಕೋಪ ಉಕ್ಕಿತು.

ನಿದಾಲ್ ಕೆಳಗೆ ಓಡಿ ಬಂದ. ಮುಖ ಸುಣ್ಣವಾಗಿತ್ತು. ಆದರೂ ಅವನ ಬಾಯಿಂದ ಬಂದದ್ದು ಇದು: "ಊರೆ ಹಿಡ್ಕೊಂಡಿದೆಯಲ್ಲ. ಊರೆ ಹಾಗೇ ಇರ್ಲಿ. ಬಿರುಕಿನ ಮೇಲೆ ಜಮಖಾನ ಹಾಸಿದ್ರಾಯ್ತು. ನಾಳೆ ಒಂದು ದಿನ ಕಳೀಲಿ ಅಕ್ಕ. ಆಮೇಲೆ ನೀನು ಹೇಳಿದ ಹಾಗೆ."

ರಸ್ತೆಯಿಂದ ಇಳಿದ ಒಂದಿಬ್ಬರು ಹೌದು ಹೌದು ಎಂದರು.

"ಆಗ್ಲಿ," ಎಂದೆ. "ನಿಮ್ಮಮ್ಮನ್ನ ಕರ್ಕೊಂಡು ಬಾ. ಈ ಊರೆಗಳ ನಡುವೆ ಒಂದು ಕುರ್ಚಿ ಹಾಕು, ನಿನ್ನ ಕೈಯಾರೆ ಅವರನ್ನ ಕೂರಿಸು. ಆಮೇಲೆ ನೀನು ಮೇಲೆ ಹೋಗಿ ಗೌರವದ ಸಾಲಿನಲ್ಲಿ ಕೂತ್ಕೋ. ಆಗ ನಾನು ಸಹಿ ಹಾಕ್ತೀನಿ."

ಅಷ್ಟರಲ್ಲಿ ದೊಡ್ಡಪ್ಪ ಕೋಲು ಊರಿಕೊಂಡು ಇಳಿದು ಬಂದರು. ಹಗ್ಗದ ಬಳಿ ನಿಂತು ಊರೆಗಳನ್ನು ನೋಡಿದರು, ಪಕ್ಕಕ್ಕೆ ಸರಿಸಿದ್ದ ಒಲೆಗಳನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು.

"ಎಷ್ಟನೆಯವನು?" ಎಂದು ಕೇಳಿದರು.

"ಐವತ್ತೆರಡನೆಯವನು ದೊಡ್ಡಪ್ಪ."

"ಯಾರವನು?"

"ನಮ್ಮವನಲ್ಲ. ಅತಿಥಿ."

ಅವರ ಕೋಲು ಮಣ್ಣಿನಲ್ಲಿ ಒಂದಿಷ್ಟು ಒಳಗೆ ಹೋಯಿತು. ನಮ್ಮ ಸೂರಿನ ಕೆಳಗೆ ಅತಿಥಿಯ ಕೂದಲು ಕೊಂಕಿದರೆ ಏಳು ತಲೆಮಾರಿನ ಹೆಸರು ಗೋಡೆಯ ಮೇಲಿದ್ದು ಏನು ಬಂತು ಎಂದು ನಾನು ಹೇಳಬೇಕಿರಲಿಲ್ಲ. ಅವರು ನಿದಾಲನ ಮುಂದೆ ಕೈ ಚಾಚಿ, ಅವನ ಹತ್ತಿರವಿದ್ದ ಇನ್ನೊಂದು ಬೀಗದ ಕೈಯನ್ನೂ ಇಸಿದುಕೊಂಡರು.

"ಜಾಹ ರಸ್ತೆ ಮೇಲೆ ಕೂರತ್ತೆ," ಎಂದರು. "ಕುರ್ಚಿ ತರಿಸಿ."

ಶುಕ್ರವಾರ ಇನ್ನೂರು ಗಂಡಸರು ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ರಸ್ತೆಗೆ ಅಡ್ಡಲಾಗಿ ಕಟ್ಟಿದ ತಾಡಪಾಲಿನ ಕೆಳಗೆ ಕೂತರು. ಹೊಚ್ಚ ಹೊಸ ದಿವಾನ್ ಬೆನ್ನ ಹಿಂದೆ ಬೀಗ ಹಾಕಿಕೊಂಡು ನಿಂತಿತ್ತು. ನಾವು ಹೆಂಗಸರು ಶಾಲೆಯ ಅಂಗಳದಲ್ಲಿ ಒಲೆ ಹೂಡಿದ್ದೆವು. ನಡುವೆ ಒಂದು ಮೋಟು ಗೋಡೆ ಮಾತ್ರ. ಹೆಣ್ಣು ಕೇಳುವ ಮಾತು, ಕೊಡುವ ಮಾತು ಎಲ್ಲ ಸಾಂಗವಾಗಿ ಮುಗಿಯಿತು. ಊಟಕ್ಕೆ ಮೊದಲು ಕರಕ್‌ನವರ ಹಿರಿಯ ಅಬು ಮುತ್ಲಖ್ ಎಂಬವರು ದಿವಾನಿನ ಕಡೆ ತಿರುಗಿ ನೋಡಿ ಕೇಳಿದರು.

"ಅಬು ಶಾಹೆರ್, ತಪ್ಪು ತಿಳೀಬೇಡಿ. ಇಂಥ ಅರಮನೆ ಕಟ್ಟಿದೀರಿ. ನಮ್ಮನ್ನ ರಸ್ತೇಲಿ ಕೂರಿಸಿದೀರಿ. ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

ನನ್ನ ಕೈಯ ಸೌಟು ನಿಂತಿತು. ಬಣ್ಣ ಒಣಗಿಲ್ಲ ಎನ್ನಬಹುದಿತ್ತು. ಕರೆಂಟು ಬಂದಿಲ್ಲ ಎನ್ನಬಹುದಿತ್ತು. ನಿದಾಲ್ ಬೆಳಿಗ್ಗೆಯೇ ಅಂಥ ನಾಲ್ಕು ನೆಪ ಹೇಳಿಕೊಟ್ಟಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ.

"ನಿಮ್ಮಿಂದಲ್ಲ, ನಮ್ಮಿಂದ," ಎಂದರು ದೊಡ್ಡಪ್ಪ. ದನಿ ಎತ್ತಿಯೇ ಹೇಳಿದರು. "ಗೋಡೆ ಕಟ್ಟಬಾರದ ಜಾಗದಲ್ಲಿ ಕಟ್ಟಿದ್ವಿ. ನಿಮ್ಮನ್ನ ಅದರ ಮೇಲೆ ಕೂರಿಸಿದ್ರೆ ನಮ್ಮ ಹೆಂಗಸರ ತಲೆ ಮೇಲೆ ಬೀಳ್ತಿದ್ವಿ. ನಮ್ಮ ಮನೆ ಹುಡುಗಿ ಇಂಜಿನಿಯರು. ಅವಳು ಹೇಳಿದಳು. ನಾನು ನಂಬಲಿಲ್ಲ. ಅವಳು ಕೂರಿಸಿ ತೋರಿಸಿದಳು. ಬರೋ ವಾರ ಆ ಕಲ್ಲು ಇಳಿಸ್ತೀವಿ, ಮೊದಲು ನನ್ನ ಅಜ್ಜನದು."

ಅಷ್ಟು ಜನ ಪರವೂರಿನ ಗಂಡಸರ ಎದುರು ಆ ಮನುಷ್ಯ ತಾನು ನಂಬಲಿಲ್ಲ ಎಂದದ್ದನ್ನು ನಾನು ಸೌಟು ಹಿಡಿದೇ ಕೇಳಿದೆ. ಪಕ್ಕದಲ್ಲಿ ದೊಡ್ಡಮ್ಮ ಸುಮ್ಮನೆ ಅನ್ನ ಹರಡುತ್ತಿದ್ದಳು, ಕಣ್ಣೀರು ಅನ್ನಕ್ಕೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡು.

"ರುದೈನಾ," ಎಂದು ದೊಡ್ಡಪ್ಪ ಕರೆದರು. "ಬಾ ಇಲ್ಲಿ."

ಏಪ್ರನ್ನಿನಲ್ಲೇ ಹೋದೆ. ಗಂಡಸರ ಸಾಲುಗಳ ನಡುವೆ ನಡೆದು ಅಬು ಮುತ್ಲಖ್ ಅವರ ಮುಂದೆ ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮಲ್ಲೂ ಒಂದು ದಿವಾನ್ ಇದೆಯಮ್ಮ," ಎಂದರು ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ. "ಅದೂ ಹೊರಗೆ ಚಾಚಿಕೊಂಡಿದೆ. ಹೋದ ವರ್ಷ ತುದಿಗೆ ಕಲ್ಲು ಏರಿಸಿದ್ವಿ. ಚೆನ್ನಾಗೇ ಇದೆ ಅಂತ ಎಲ್ಲರೂ ಹೇಳ್ತಾರೆ."

"ಅದರ ಕೆಳಗೆ ಯಾರು ಕೂರ್ತಾರೆ?" ಎಂದು ಕೇಳಿದೆ.

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

"ನನ್ನ ಸೊಸೆಯಂದಿರು," ಎಂದರು ಕೊನೆಗೆ. "ದಿನಾ ಬೆಳಿಗ್ಗೆ ಅಲ್ಲೇ ರೊಟ್ಟಿ ಸುಡ್ತಾರೆ."

"ಇವತ್ತೇ ಫೋನ್ ಮಾಡಿ ಅವರನ್ನ ಅಲ್ಲಿಂದ ಎಬ್ಬಿಸಿ," ಎಂದೆ. "ನಾನು ನಾಳೆ ಬರ್ತೀನಿ."